ಬಾಯಿಬಿಡುವ ಪೆಟ್ಟಿಗೆ

ಶನಿವಾರ ಪಾಳಿ ಮುಗಿಸಿ
ಬಸ್ ಕಂಪನಿಯ ಬಿಲ್ಲೆ ಎದೆಯ ಮೇಲಿದ್ದಂತೆಯೇ
ಡೇಟನ್ನಿನ ರೈಲು ಸೇತುವೆಯ ಬುಡದ
ಕೂಲ್ಮನ್ನನ ಅಂಗಡಿಗೆ ಹೋದೆ.
ಹೆಗಲಲ್ಲಿ ಬೇಸ್ ಗಿಟಾರು,
ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡದು.

'ಕ್ವಾಕ್ ಅನ್ನೋದು ಬೇಕು' ಎಂದೆ.
ಬೇರೆ ಕಡೆಯಾದರೆ ನಗುತ್ತಿದ್ದರು.
ಕನ್ನಡಕ ಮೂಗಿಗಿಳಿಸಿ ಕೇಳಿದ:
'ಬಾತುಕೋಳಿಯೋ, ಕಪ್ಪೆಯೋ?'

ಕಪ್ಪೆ, ಎಂದೆ. ಆದರೆ ಕೆರೆ ಬತ್ತಬಾರದು.
ಹೋದ ತಿಂಗಳು ಸತ್ತ ಹಳೆಯ ಪೆಡಲಿಗೆ ಆ ರೋಗವಿತ್ತು:
ಮೆಟ್ಟಿದ ಕೂಡಲೇ ತಳದ ಸ್ವರವೆಲ್ಲ ಮಾಯ.
ಮನೆಯಲ್ಲಿ ಒಬ್ಬಳೇ ನುಡಿಸುವಾಗ ತಿಳಿಯುವುದಿಲ್ಲ ಅದು.
ವೇದಿಕೆಯಲ್ಲಿ ಡ್ರಮ್ಮಿನ ಹಿಂದಿನಿಂದ ರೋಸ್ಕೊ
ತಲೆಯೆತ್ತಿ ನೋಡುತ್ತಿದ್ದ,
ಇನ್ನೊಂದು ಮೆಟ್ಟಿಲಿದೆಯೆಂದು
ಕತ್ತಲಲ್ಲಿ ಕಾಲಿಟ್ಟವನ ಹಾಗೆ.

'ಜೋರು ಮಾಡು' ಎಂದೆ, 'ಬಾರಿನಲ್ಲಿರುವಷ್ಟು ಜೋರು.
ಸದ್ದಿಲ್ಲದ ಅಂಗಡಿಯಲ್ಲಿ ಯಾವುದೂ ಚೆನ್ನ.'
ಮಾಡಿದ. ಗೋಡೆಗೆ ತೂಗಿದ ತಾಳತಟ್ಟೆಗಳೆಲ್ಲ
ತಮ್ಮತಮ್ಮಲ್ಲೇ ಗುನುಗಿದವು.

ಮೊದಲನೆಯದು ಹಸಿರು, ಹೊಸದು.
ನುಡಿಸಿದೆ. ಉಂ, ಅಂದಿತು.
ಇನ್ನೊಮ್ಮೆ. ಉಂ.
ಇವುಗಳ ಗುಣವೇ ಹಾಗೆ:
ಕಾಲು ಬರೀ ಎಬ್ಬಿಸುತ್ತದೆ, ಆಮೇಲಿನದೆಲ್ಲ ಬೆರಳಿನ ಕೆಲಸ.
ತಂತಿಯನ್ನು ಎಷ್ಟು ಬಲವಾಗಿ ಮೀಟಿದೆ ಎಂದು ಕೇಳಿಸಿಕೊಂಡು
ಅಷ್ಟೇ ಬಾಯಿ ತೆರೆಯುತ್ತವೆ,
ಚಮಚದಲ್ಲೇನಿದೆಯೆಂದು ನೋಡಿ ತೆರೆವ ಮಗುವಿನಂತೆ.

ಇಪ್ಪತ್ತೈದರಲ್ಲಿ ನಾನು ಮೀಟಿದರೆ
ಆಂಪ್ಲಿಫೈಯರಿನ ಮೇಲಿಟ್ಟ ಬಿಯರ್ ಗ್ಲಾಸು
ತಾನೇ ನಡೆದು ಹೋಗಿ ಬೀಳುತ್ತಿತ್ತು.
ಈಗ ಬೆರಳ ಗೆಣ್ಣುಗಳೊಳಗೆ ಮರಳು.
ತಂತಿ ಕೊಟ್ಟಿದ್ದೋ, ಸ್ಟಿಯರಿಂಗೋ?
ಡಾಕ್ಟರಮ್ಮ ಎರಡಕ್ಕೂ ಪಾಲು ಹಂಚಿ
'ಮೆತ್ತಗೆ ನುಡಿಸಿ' ಎಂದಳು,
ಉಪ್ಪು ಕಡಿಮೆ ಮಾಡಿ ಎಂಬ ದನಿಯಲ್ಲಿ.
ಬ್ಯಾಂಡಿನಲ್ಲಿ ಯಾರಿಗೂ ಹೇಳಿಲ್ಲ.
ಕೂಲ್ಮನ್ನನಿಗೂ ಹೇಳಲಿಲ್ಲ.
ಹಸಿರು ಪೆಟ್ಟಿಗೆ ಹೇಳಿಬಿಟ್ಟಿತು.

ಅವನು ಪೆಡಲ್ ನೋಡಿದ, ನನ್ನ ಕೈ ನೋಡಿದ,
ಬೇಡದ ಧೂಳನ್ನು ಗಾಜಿನಿಂದ ಒರೆಸಿದ.

ಎರಡನೆಯದಕ್ಕೆ ಪುಟ್ಟ ಪರದೆ, ಅರವತ್ತನಾಲ್ಕು ನೆನಪು.
ಕೇಳಿಸಿಕೊಳ್ಳುತ್ತಿತ್ತು, ಸುಳ್ಳು ಹೇಳಬಾರದು.
ಆದರೆ ಎರಡು ಹಾಡುಗಳ ನಡುವಿನ ನಾಲ್ಕು ಸೆಕೆಂಡಿನಲ್ಲಿ
ಕತ್ತಲಲ್ಲಿ ಬಗ್ಗಿ ಮೆನು ಓದುವವಳಲ್ಲ ನಾನು.
ಮೊಣಕಾಲಿಗೂ ಒಂದು ಮಾತಿದೆ.

ಆಮೇಲೆ ಕಪಾಟಿನ ಅಡಿಯಿಂದ ತೆಗೆದ ಮೂರನೆಯದು.
ಬಣ್ಣವೆಲ್ಲ ಉದುರಿತ್ತು.
ಒಂದು ಗುಂಡಿಯ ಜಾಗದಲ್ಲಿ
ಟೂತ್‌ಪೇಸ್ಟಿನ ಮುಚ್ಚಳ.
'ಇದಕ್ಕೆ ಕಿವಿ ಸ್ವಲ್ಪ ಜಾಸ್ತಿ, ವರ್ಲೀನ್' ಎಂದ.
ಬೆರಳ ತುದಿಯನ್ನು ಸುಮ್ಮನೆ ಆನಿಸಿದೆನಷ್ಟೆ,
ವಾ!
ಮುಚ್ಚಳ ತಿರುಗಿಸಿದರೆ ಹಸಿ ಸ್ವರ
ಅಡಿಯಲ್ಲಿ ಹಾಗೆಯೇ ನಿಂತಿತ್ತು, ತುಂಬಿದ ಕೆರೆ,
ಮೇಲೆ ಕಪ್ಪೆ.

ಸ್ವಲ್ಪ ಬುಸುಗುಡುತ್ತದೆ, ಎಂದೆ.
ನಾನೂ ಅಷ್ಟೆ, ಎಂದ.
ತೊಂಬತ್ತು ಡಾಲರು. ಎಂಬತ್ತಕ್ಕಿಳಿಸಿ
ಒಂದು ಬ್ಯಾಟರಿ ಕಿತ್ತುಕೊಂಡೆ.

ಮುಂದಿನ ಶುಕ್ರವಾರ, ಕಾರ್ಖಾನೆ ಯೂನಿಯನ್ನಿನ ಹಾಲು,
ಯಾರದೋ ನಿವೃತ್ತಿ.
ಎರಡನೆಯ ಸರದಿಯಲ್ಲಿ ಎಂಟೇ ಎಂಟು ಆವರ್ತ ಮೆಟ್ಟಿದೆ.
ಕೇಕು ಹಿಡಿದು ಹೋಗುತ್ತಿದ್ದ ಮುದುಕನ
ಒಂದು ಹೆಗಲು ತನ್ನಷ್ಟಕ್ಕೆ ಕುಣಿಯಿತು.
ರೋಸ್ಕೊ ತಲೆಯೆತ್ತಲಿಲ್ಲ.
ನನಗೆ ಬೇಕಿದ್ದ ಚಪ್ಪಾಳೆ ಅದೇ.

ಹಾಡು ಮುಗಿದ ಮೇಲೆ ಆರಿಸಲು ಮರೆತಿದ್ದೆ.
ನೋಯುವ ಬೆರಳನ್ನು
ಐಸಿನ ಗ್ಲಾಸಿನತ್ತ ಒಯ್ಯುವಾಗ
ತಂತಿಗೆ ಒಂದಿಷ್ಟು ತಗುಲಿತು, ಅಷ್ಟೆ,
ಇಡೀ ಹಾಲಿಗೆ ಕೇಳುವಂತೆ ವಾ ಎಂದಿತು.
ಎಲ್ಲರೂ ನಕ್ಕರು. ನಾನೂ.

ರೋಸ್ಕೊ ಮಾತ್ರ ಗ್ಲಾಸನ್ನೇ ನೋಡುತ್ತಿದ್ದ,
ಐಸಿನಲ್ಲಿ ಅದ್ದಿದ ಎರಡು ಬೆರಳನ್ನು.
ಏನೂ ಕೇಳಲಿಲ್ಲ.
ಕೋಲಿಗೆ ಕೋಲು ತಟ್ಟಿ ಮುಂದಿನ ಹಾಡನ್ನು ಎಣಿಸಿದ,
ಎಂದಿಗಿಂತ
ಒಂದು ಎಳೆ ನಿಧಾನವಾಗಿ.